ಒಂದೇ ಇಮೇಜ್, ಬಗೆಬಗೆಯ ಹಳೆಯ ಕಂಪ್ಯೂಟರ್‌ಗಳು: ಲಕ್ಷಣ ನೋಡಿ ದೋಷ ಹುಡುಕುವ ಕ್ರಮ

ಒಂದೇ ಮಾದರಿಯ ಹೊಸ ಕಂಪ್ಯೂಟರ್‌ಗಳಿಗೆ ಆಪರೇಟಿಂಗ್ ಸಿಸ್ಟಮ್ ಇಮೇಜ್ (ಸಿದ್ಧಗೊಳಿಸಿದ ಸಿಸ್ಟಮ್‌ನ ಪೂರ್ತಿ ನಕಲು) ಹಾಕುವಾಗ ಮೊದಲನೆಯದು ಸರಿಹೋದರೆ ಉಳಿದವೂ ಬಹುತೇಕ ಸರಿಹೋಗುತ್ತವೆ. ನವೀಕರಿಸಿದ ಕಂಪ್ಯೂಟರ್‌ಗಳ ಮಾತು ಹಾಗಿಲ್ಲ. ಬೇರೆ ಬೇರೆ ಕಂಪನಿಗಳ, ಬೇರೆ ಬೇರೆ ವರ್ಷಗಳ, ಹಿಂದಿನವರು ಬಯಾಸ್‌ನಲ್ಲಿ (ಯಂತ್ರ ಆನ್ ಆದೊಡನೆ ಓಡುವ ಮೂಲ ತಂತ್ರಾಂಶದಲ್ಲಿ) ಏನೇನೋ ಬದಲಿಸಿಟ್ಟ ಯಂತ್ರಗಳು ಒಂದೇ ಸಾಲಿಗೆ ಬಂದು ಸೇರುತ್ತವೆ. ಒಂದರಲ್ಲಿ ಓಡುವ ಇಮೇಜ್ ಪಕ್ಕದ್ದರಲ್ಲಿ ನೀಲಿ ಪರದೆ ತೋರಿಸುತ್ತದೆ. ಆಗ ಎಲ್ಲರ ಕೈಯೂ ಮೊದಲು ಇಮೇಜನ್ನು ತಿದ್ದಲು ಹೋಗುತ್ತದೆ. ಒಂದು ಯಂತ್ರದ ತೊಂದರೆಗಾಗಿ ಮಾಸ್ಟರ್ ಇಮೇಜ್ ತಿದ್ದಿದರೆ, ಅಲ್ಲಿಯವರೆಗೆ ಸರಿಯಾಗಿದ್ದ ಮಾದರಿಗಳನ್ನೂ ಮತ್ತೆ ಪರೀಕ್ಷಿಸಬೇಕಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಆ ಆತುರ ಕಡಿಮೆಯಾಗುತ್ತದೆ.

ಆದ್ದರಿಂದ ಯಾವ ಲಕ್ಷಣ ಕಂಡರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ದೋಷ ಒಂದು ಯಂತ್ರದಲ್ಲಿದೆಯೋ, ಒಂದು ಮಾದರಿಯ ಎಲ್ಲ ಯಂತ್ರಗಳಲ್ಲಿದೆಯೋ, ಅಥವಾ ಎಲ್ಲ ಮಾದರಿಗಳಲ್ಲೂ ಇದೆಯೋ? ಒಂದರಲ್ಲಿ ಮಾತ್ರ ಇದ್ದರೆ ಹಾರ್ಡ್‌ವೇರ್ ಅಥವಾ ಆ ಯಂತ್ರದ ಬಯಾಸ್ ಸೆಟ್ಟಿಂಗ್ ಅನ್ನು ಅನುಮಾನಿಸಬೇಕು. ಒಂದು ಮಾದರಿಯ ಎಲ್ಲದರಲ್ಲೂ ಇದ್ದರೆ ಡ್ರೈವರ್, ಫರ್ಮ್‌ವೇರ್ (ಬಯಾಸ್‌ನಂತೆ ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಅಥವಾ ಬೂಟ್ ವಿಧಾನ ಹೊಂದುತ್ತಿಲ್ಲ. ಎಲ್ಲ ಕಡೆಯೂ ಇದ್ದರೆ ಮಾತ್ರ ಇಮೇಜ್, ಸರ್ವರ್ ಅಥವಾ ಸ್ವಿಚ್ ಕಡೆ ತಿರುಗಬೇಕು. ಉತ್ತರ ಗೊತ್ತಿಲ್ಲದಿದ್ದರೆ ಅದೇ ಮಾದರಿಯ ಇನ್ನೊಂದು ಯಂತ್ರಕ್ಕೆ ಅದೇ ಕೇಬಲ್, ಅದೇ ಪೋರ್ಟ್ ಬಳಸಿ ಇಮೇಜ್ ಹಾಕಿ ನೋಡುವುದೇ ಅತಿ ಅಗ್ಗದ ಪರೀಕ್ಷೆ.

ಕೈಹಾಕುವ ಮೊದಲು

ಇಮೇಜ್ ಹಾಕುವುದೆಂದರೆ ಡಿಸ್ಕ್‌ನಲ್ಲಿದ್ದುದನ್ನು ಕಳೆದುಕೊಳ್ಳುವುದು. ಆದರೆ ಇಮೇಜ್ ಹಾಕಿದ ಮಾತ್ರಕ್ಕೆ ಹಳೆಯ ಮಾಹಿತಿ ಪೂರ್ತಿ ಅಳಿಸಿಹೋಗುವುದಿಲ್ಲ. ಹೊಸ ಇಮೇಜ್ ತುಂಬದ ಜಾಗದಲ್ಲಿ ಹಿಂದಿನ ಮಾಲೀಕರ ಕಡತಗಳ ತುಣುಕುಗಳು ಹಾಗೆಯೇ ಉಳಿದಿರುತ್ತವೆ. ಹಾಗಾಗಿ ಅಳಿಸುವಿಕೆ ಇಮೇಜಿಂಗ್‌ಗಿಂತ ಮೊದಲು ನಡೆಯಬೇಕಾದ ಪ್ರತ್ಯೇಕ ಹಂತ. ಎಸ್‌ಎಸ್‌ಡಿಗಳಲ್ಲಿ ಮೇಲಿಂದ ಸೊನ್ನೆ ಬರೆಯುವುದಕ್ಕಿಂತ ಡ್ರೈವ್‌ನದೇ ಸೆಕ್ಯೂರ್ ಇರೇಸ್ ಅಥವಾ ಸ್ಯಾನಿಟೈಸ್ ಆದೇಶವನ್ನು ಬಳಸುವುದು ಸರಿಯಾದ ಕ್ರಮ. ಸಾಟಾ ಡ್ರೈವ್ ಆ ಆದೇಶವನ್ನು ನಿರಾಕರಿಸಿ ಫ್ರೋಜನ್ ಎಂದು ತೋರಿಸಿದರೆ ಅದು ಕೆಟ್ಟಿದೆ ಎಂದಲ್ಲ; ಬೂಟ್ ಆಗುವಾಗ ಬಯಾಸ್ ಹಾಕಿದ ಬೀಗ ಅದು, ಯಂತ್ರವನ್ನು ಒಮ್ಮೆ ಸ್ಲೀಪ್‌ಗೆ ಕಳಿಸಿ ಎಬ್ಬಿಸಿದರೆ ಸಾಮಾನ್ಯವಾಗಿ ಬಿಟ್ಟುಕೊಡುತ್ತದೆ.

ಲ್ಯಾಪ್‌ಟಾಪ್‌ನ ತಳ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲಕ್ಕೆ ಎದ್ದಿದ್ದರೆ ಅಥವಾ ಮುಚ್ಚಳ ಸರಿಯಾಗಿ ಕೂರದಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಅಂಥದ್ದನ್ನು ಚಾರ್ಜ್‌ಗೆ ಹಾಕಬಾರದು, ಒತ್ತಬಾರದು, ಚುಚ್ಚಬಾರದು. ಬದಿಗಿಟ್ಟು ಬ್ಯಾಟರಿ ತೆಗೆಯುವ ಅನುಭವವಿರುವವರಿಗೆ ಒಪ್ಪಿಸಬೇಕು. ಡೆಸ್ಕ್‌ಟಾಪ್‌ನ ಪವರ್ ಸಪ್ಲೈ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ತೆರೆಯಬಾರದು. ಪ್ಲಗ್ ಕಿತ್ತ ನಂತರವೂ ಅದರೊಳಗಿನ ಕೆಪ್ಯಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಅಲ್ಲಿಂದ ಸುಟ್ಟ ವಾಸನೆ ಬಂದರೆ ಇಡೀ ಪೆಟ್ಟಿಗೆಯನ್ನು ಬದಲಿಸುವುದೊಂದೇ ದಾರಿ.

ಲಕ್ಷಣ: ನೆಟ್‌ವರ್ಕ್ ಬೂಟ್ ಶುರುವಾಗುವುದೇ ಇಲ್ಲ

ಪಿಎಕ್ಸ್‌ಇ (ಡಿಸ್ಕ್ ಬದಲು ನೆಟ್‌ವರ್ಕ್‌ನಿಂದ ಬೂಟ್ ಆಗುವ ವಿಧಾನ) ಮೂಲಕ ಇಮೇಜ್ ಹಾಕುವವರಿಗೆ ಪರದೆಯ ಮೇಲೆ ಬರುವ ದೋಷಸಂಖ್ಯೆಯೇ ಅರ್ಧ ಉತ್ತರ. ಹಳೆಯ ಬಯಾಸ್‌ಗಳಲ್ಲಿ ಇ61 ಎಂದು ಬಂದರೆ ಕೇಬಲ್‌ನಲ್ಲಿ ಸಂಪರ್ಕವೇ ಇಲ್ಲ ಎಂದರ್ಥ: ಕೇಬಲ್ ಬದಲಿಸಬೇಕು, ಪೋರ್ಟ್‌ನ ದೀಪ ಉರಿಯುತ್ತಿದೆಯೇ ನೋಡಬೇಕು. ಇ51 ಬಂದರೆ ಸಂಪರ್ಕವಿದೆ, ಆದರೆ ಯಂತ್ರಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ. ಇ53 ಬಂದರೆ ಐಪಿ ವಿಳಾಸ ಸಿಕ್ಕಿದೆ, ಯಾವ ಬೂಟ್ ಫೈಲ್ ತರಬೇಕೆಂದು ಯಾರೂ ಹೇಳಿಲ್ಲ. ಇ32 ಬಂದರೆ ಫೈಲ್‌ನ ಹೆಸರು ಗೊತ್ತಾಗಿದೆ, ಆ ಫೈಲ್ ಕಳಿಸುವ ಟಿಎಫ್‌ಟಿಪಿ ಸರ್ವರ್ ಬಾಗಿಲು ತೆರೆಯುತ್ತಿಲ್ಲ. ಯುಡಿಪಿ 69ನೇ ಪೋರ್ಟನ್ನು ಫೈರ್‌ವಾಲ್ ತಡೆದಿದೆಯೇ ಎಂಬುದನ್ನು ಮೊದಲು ನೋಡಬೇಕು. ಬಯಾಸ್‌ನ ಜಾಗಕ್ಕೆ ಬಂದ ಹೊಸ ಬಗೆಯ ಫರ್ಮ್‌ವೇರ್ ಆದ ಯುಇಎಫ್‌ಐ ಇರುವ ಯಂತ್ರಗಳಲ್ಲಿ ಸಂಖ್ಯೆಗಳು ಬೇರೆ; ಅಲ್ಲಿ ಇ16 ಎಂದರೆ ಡಿಎಚ್‌ಸಿಪಿ ಕಡೆಯಿಂದ ಒಪ್ಪತಕ್ಕ ಉತ್ತರ ಬರಲಿಲ್ಲ, ಇ18 ಎಂದರೆ ಸರ್ವರ್ ಉತ್ತರಿಸದೆ ಸಮಯ ಮೀರಿತು.

ಇ51 ಎಲ್ಲ ಯಂತ್ರಗಳಲ್ಲೂ ಬರುತ್ತಿದ್ದು, ಎರಡನೆಯ ಪ್ರಯತ್ನದಲ್ಲಿ ಮಾತ್ರ ಕೆಲಸವಾಗುತ್ತಿದ್ದರೆ ಸ್ವಿಚ್‌ನ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಸುತ್ತುಹಾದಿ ಆಗದಂತೆ ತಡೆಯುವ ವ್ಯವಸ್ಥೆ) ಕಡೆ ಗಮನ ಹೋಗಬೇಕು. ಸಾಂಪ್ರದಾಯಿಕ ಸೆಟ್ಟಿಂಗ್‌ನಲ್ಲಿ ಕೇಬಲ್ ಜೀವ ಪಡೆದ ಮೇಲೆ ಪೋರ್ಟ್ ಮಾಹಿತಿಯನ್ನು ದಾಟಿಸಲು 30 ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಪಿಎಕ್ಸ್‌ಇ ಕೈಚೆಲ್ಲಿರುತ್ತದೆ. ಕಂಪ್ಯೂಟರ್‌ಗಳನ್ನು ಸೇರಿಸುವ ಪೋರ್ಟ್‌ಗಳಿಗೆ ಈ ಕಾಯುವಿಕೆಯನ್ನು ತಪ್ಪಿಸುವ ಪೋರ್ಟ್‌ಫಾಸ್ಟ್ ಕೊಟ್ಟರೆ ಇದು ಮುಗಿಯುತ್ತದೆ. ಸ್ವಿಚ್ ನಿಮ್ಮ ಹಿಡಿತದಲ್ಲಿ ಇಲ್ಲದಿದ್ದರೆ, ಯಂತ್ರಕ್ಕೂ ಗೋಡೆಯ ಪೋರ್ಟ್‌ಗೂ ನಡುವೆ ಯಾವ ಸೆಟ್ಟಿಂಗೂ ಇಲ್ಲದ ಸಣ್ಣ ಸ್ವಿಚ್ ಒಂದನ್ನು ಇಟ್ಟರೂ ಸಾಕು. ಆಗ ಯಂತ್ರ ಆಫ್ ಆಗಿ ಆನ್ ಆದರೂ ದೊಡ್ಡ ಸ್ವಿಚ್‌ನ ಪೋರ್ಟ್‌ನ ಸಂಪರ್ಕ ಕಡಿಯುವುದಿಲ್ಲ.

ದಿನದ ಮೊದಲ ಯಂತ್ರಗಳು ಸುಲಭವಾಗಿ ಬೂಟ್ ಆಗಿ, ಮಧ್ಯಾಹ್ನದ ನಂತರದವುಗಳಿಗೆ ವಿಳಾಸ ಸಿಗದಿದ್ದರೆ ಡಿಎಚ್‌ಸಿಪಿಯ ವಿಳಾಸಗಳು ಖಾಲಿಯಾಗಿವೆ. ಒಂದೇ ಯಂತ್ರ ಪಿಎಕ್ಸ್‌ಇ ಹಂತದಲ್ಲಿ ಒಂದು, ಆಪರೇಟಿಂಗ್ ಸಿಸ್ಟಮ್ ಎದ್ದ ಮೇಲೆ ಇನ್ನೊಂದು ಗುರುತು ಹೇಳಿ ಎರಡು ವಿಳಾಸ ಹಿಡಿದುಕೊಳ್ಳುವುದುಂಟು. ವಿಳಾಸ ಒಂದು ಯಂತ್ರಕ್ಕೆ ಮೀಸಲಿರುವ ಲೀಸ್ ಅವಧಿಯನ್ನು ಒಂದೆರಡು ಗಂಟೆಗೆ ಇಳಿಸಿದರೆ ಸಾಕಾಗುತ್ತದೆ.

ಲಕ್ಷಣ: ಹಳೆಯ ಯಂತ್ರಗಳು ಬೂಟ್ ಆಗುತ್ತವೆ, ಹೊಸವು ಆಗುವುದಿಲ್ಲ, ಅಥವಾ ತಿರುಗುಮುರುಗು

ಮಿಶ್ರ ಯಂತ್ರಗಳಿರುವ ಕಡೆ ಹೆಚ್ಚಾಗಿ ಸಿಗುವ ದೋಷ ಇದು. ಲೆಗಸಿ (ಹಳೆಯ ಬಗೆಯ) ಬಯಾಸ್‌ಗೆ ಒಂದು ಬೂಟ್ ಫೈಲ್ ಬೇಕು, 64 ಬಿಟ್ ಯುಇಎಫ್‌ಐಗೆ ಇನ್ನೊಂದು ಬೇಕು. ಡಿಎಚ್‌ಸಿಪಿಯ 67ನೇ ಆಯ್ಕೆಯಲ್ಲಿ ಒಂದೇ ಹೆಸರನ್ನು ಬರೆದಿಟ್ಟರೆ ಎಲ್ಲ ಯಂತ್ರಗಳಿಗೂ ಅದೇ ಹೋಗುತ್ತದೆ. ಯುಇಎಫ್‌ಐ ಯಂತ್ರ ಲೆಗಸಿ ಫೈಲನ್ನು ಪೂರ್ತಿ ಇಳಿಸಿಕೊಂಡು, ಡೌನ್‌ಲೋಡ್ ಯಶಸ್ವಿ ಎಂದು ತೋರಿಸಿ, ಮರುಕ್ಷಣವೇ ಬೂಟ್ ಮೆನುಗೆ ಮರಳಿದರೆ ಕಾರಣ ಇದೇ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಯಂತ್ರ ತಾನು ಯಾವ ಬಗೆಯದೆಂಬುದನ್ನು 93ನೇ ಆಯ್ಕೆಯಲ್ಲಿ ಹೇಳಿಕೊಳ್ಳುತ್ತದೆ: 0 ಎಂದರೆ ಲೆಗಸಿ ಬಯಾಸ್, 7 ಎಂದರೆ 64 ಬಿಟ್ ಯುಇಎಫ್‌ಐ, 6 ಎಂದರೆ 32 ಬಿಟ್ ಯುಇಎಫ್‌ಐ. ಆ ಸಂಖ್ಯೆ ನೋಡಿ ಸರಿಯಾದ ಫೈಲ್ ಕೊಡುವಂತೆ ಡಿಎಚ್‌ಸಿಪಿ ಅಥವಾ ಬೂಟ್ ಮಾಹಿತಿ ಮಾತ್ರ ಕೊಡುವ ಪ್ರಾಕ್ಸಿ ಡಿಎಚ್‌ಸಿಪಿಗೆ ನಿಯಮ ಬರೆಯಬೇಕು.

ಈ ಮೂರನೆಯ ಬಗೆಯನ್ನು ಕಡೆಗಣಿಸಬಾರದು. ಇಂಟೆಲ್‌ನ ಬೇ ಟ್ರೇಲ್ ಆ್ಯಟಮ್ ಚಿಪ್ ಇರುವ ಹಲವು ಸಣ್ಣ ಲ್ಯಾಪ್‌ಟಾಪ್‌ಗಳಲ್ಲೂ ಟ್ಯಾಬ್ಲೆಟ್‌ಗಳಲ್ಲೂ ಪ್ರೊಸೆಸರ್ 64 ಬಿಟ್‌ನದಾಗಿದ್ದರೂ ಫರ್ಮ್‌ವೇರ್ 32 ಬಿಟ್‌ನದು. 64 ಬಿಟ್‌ಗೆ ಮಾತ್ರ ತಯಾರಿಸಿದ ಸಾಮಾನ್ಯ ಬೂಟ್ ಪೆನ್‌ಡ್ರೈವ್ ಕೂಡ ಅವುಗಳ ಬೂಟ್ ಮೆನುವಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅಂಥವುಗಳಿಗೆ 32 ಬಿಟ್ ಯುಇಎಫ್‌ಐ ಬೂಟ್‌ಲೋಡರ್ (ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಫೈಲ್) ಇರುವ ಪ್ರತ್ಯೇಕ ಇಮೇಜ್ ಬೇಕು. ಅಂಥ ಯಂತ್ರ ಒಂದೋ ಎರಡೋ ಇದ್ದರೆ ಅವಕ್ಕಾಗಿ ಸರ್ವರ್ ನಿಯಮ ಬರೆಯುವುದಕ್ಕಿಂತ ಕೈಯಾರೆ ಹಾಕುವುದೇ ಮೇಲು.

ಲಕ್ಷಣ: ಬೂಟ್ ಆದ ಮೇಲೆ ಡಿಸ್ಕ್ ಕಾಣುತ್ತಿಲ್ಲ ಅಥವಾ ಸರ್ವರ್ ಸಿಗುತ್ತಿಲ್ಲ

ಬಯಾಸ್‌ನಲ್ಲಿ ಡಿಸ್ಕ್ ಕಾಣುತ್ತದೆಯೇ ಎಂಬುದನ್ನು ಮೊದಲು ನೋಡಬೇಕು. ಅಲ್ಲೂ ಕಾಣದಿದ್ದರೆ ಕೇಬಲ್, ಸ್ಲಾಟ್ ಅಥವಾ ಡಿಸ್ಕ್‌ನದೇ ದೋಷ. ಬಯಾಸ್‌ನಲ್ಲಿ ಕಂಡು ಇಮೇಜಿಂಗ್ ಪರಿಸರದಲ್ಲಿ ಮಾತ್ರ ಕಾಣದಿದ್ದರೆ ಸ್ಟೋರೇಜ್ ಕಂಟ್ರೋಲರ್ ಪ್ರತ್ಯೇಕ ಡ್ರೈವರ್ ಕೇಳುವ ರೇಡ್ ಅಥವಾ ವಿಎಂಡಿ ಮೋಡ್‌ನಲ್ಲಿರುವ ಸಾಧ್ಯತೆ ಹೆಚ್ಚು. ಇಂಟೆಲ್‌ನ 11ನೇ ತಲೆಮಾರಿನಿಂದ ಈಚೆಗಿನ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ತಾನಾಗಿಯೇ ಆನ್ ಆಗಿರುವುದು ಸಾಮಾನ್ಯ. ಹಳೆಯ ಮಾಹಿತಿ ಬೇಡದ ಯಂತ್ರವಾದರೆ ಸಾಮಾನ್ಯ ಮೋಡ್ ಆದ ಎಎಚ್‌ಸಿಐಗೆ ಬದಲಿಸುವುದು ಅಥವಾ ವಿಎಂಡಿಯನ್ನು ಆಫ್ ಮಾಡುವುದು ಸುಲಭದ ದಾರಿ. ಇಲ್ಲವಾದರೆ ಬೂಟ್ ಪರಿಸರಕ್ಕೆ ಆ ಡ್ರೈವರ್ ಸೇರಿಸಬೇಕು.

ಸರ್ವರ್ ಸಿಗದಿರುವುದೂ ಇದೇ ಜಾತಿಯ ದೋಷ. ಪಿಎಕ್ಸ್‌ಇ ಹಂತದಲ್ಲಿ ನೆಟ್‌ವರ್ಕ್ ಕಾರ್ಡನ್ನು ನಡೆಸುವುದು ಫರ್ಮ್‌ವೇರ್. ವಿಂಡೋಸ್ ಪಿಇ (ಸ್ಥಾಪನೆ, ದುರಸ್ತಿಗೆ ಬಳಸುವ ಪುಟ್ಟ ವಿಂಡೋಸ್) ಅಥವಾ ಲಿನಕ್ಸ್ ಕರ್ನಲ್ ಎದ್ದ ಮೇಲೆ ಅದರದೇ ಡ್ರೈವರ್ ಬೇಕು. ಹಾಗಾಗಿ ನೆಟ್‌ವರ್ಕ್‌ನಿಂದಲೇ ಬೂಟ್ ಆದ ಯಂತ್ರಕ್ಕೆ ನೆಟ್‌ವರ್ಕ್ ಇಲ್ಲ ಎಂಬ ವಿಚಿತ್ರ ಸ್ಥಿತಿ ಬರುತ್ತದೆ. ಪಿಇಯಲ್ಲಿ ಕಮಾಂಡ್ ಕಿಟಕಿ ತೆರೆದು ಐಪಿಕಾನ್ಫಿಗ್ ಕೊಟ್ಟಾಗ ಯಾವ ಅಡಾಪ್ಟರ್ ಕೂಡ ಪಟ್ಟಿಯಲ್ಲಿ ಇಲ್ಲದಿದ್ದರೆ ಡ್ರೈವರ್ ಇಲ್ಲ. ಅಡಾಪ್ಟರ್ ಇದ್ದು ವಿಳಾಸ 169.254 ಎಂದು ಶುರುವಾದರೆ ಡ್ರೈವರ್ ಇದೆ, ಡಿಎಚ್‌ಸಿಪಿ ಉತ್ತರ ಕೊಟ್ಟಿಲ್ಲ. ಮೊದಲನೆಯದಕ್ಕೆ ಪಿಇ ಇಮೇಜ್‌ಗೆ ಆ ಕಾರ್ಡ್‌ನ ಡ್ರೈವರ್ ಸೇರಿಸಬೇಕು. ಇಲ್ಲಿ ಬೇಕಾಗುವುದು ಸ್ಟೋರೇಜ್ ಮತ್ತು ನೆಟ್‌ವರ್ಕ್ ಡ್ರೈವರ್ ಎರಡೇ. ಸೌಂಡ್, ಗ್ರಾಫಿಕ್ಸ್ ಎಲ್ಲವನ್ನೂ ಪಿಇಗೆ ತುರುಕುವುದರಿಂದ ಅದು ಭಾರವಾಗುತ್ತದೆಯೇ ಹೊರತು ಉಪಯೋಗವಿಲ್ಲ.

ಲಕ್ಷಣ: ಡಿಸ್ಕ್ ಚಿಕ್ಕದಾಯಿತು ಎಂಬ ಸಂದೇಶ

ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾದಂಥ ಉಪಕರಣಗಳು ಮೂಲ ಡಿಸ್ಕ್‌ನಷ್ಟೇ ಅಥವಾ ಅದಕ್ಕಿಂತ ದೊಡ್ಡ ಡಿಸ್ಕನ್ನು ಬಯಸುತ್ತವೆ. 256 ಜಿಬಿ ಡಿಸ್ಕ್‌ನಲ್ಲಿ ತಯಾರಿಸಿದ ಇಮೇಜ್ 240 ಜಿಬಿಯ ಎಸ್‌ಎಸ್‌ಡಿಗೆ ಹೋಗುವುದಿಲ್ಲ, ಒಳಗಿನ ಮಾಹಿತಿ 20 ಜಿಬಿಯೇ ಆಗಿದ್ದರೂ. ಪಾರ್ಟಿಷನ್‌ಗಳನ್ನು ಡಿಸ್ಕ್‌ಗೆ ಅನುಗುಣವಾಗಿ ಹೊಂದಿಸುವ ಆಯ್ಕೆಗಳಿವೆ, ಆದರೆ ಅವುಗಳಿಗೆ ಮೊರೆಹೋಗುವ ಬದಲು ಮಾಸ್ಟರ್ ಇಮೇಜನ್ನು ವರ್ಚುವಲ್ ಯಂತ್ರದಲ್ಲಿ, ನಿಮ್ಮ ಬಳಿ ಬರಬಹುದಾದ ಅತಿ ಚಿಕ್ಕ ಡಿಸ್ಕ್‌ಗಿಂತ ಚಿಕ್ಕದಾದ ಡಿಸ್ಕ್‌ನಲ್ಲಿ ತಯಾರಿಸಿ, ಹಾಕಿದ ಮೇಲೆ ಕೊನೆಯ ಪಾರ್ಟಿಷನ್ ಹಿಗ್ಗಿಸುವುದೇ ಒಳ್ಳೆಯ ಪದ್ಧತಿ. ವರ್ಚುವಲ್ ಯಂತ್ರದಲ್ಲಿ ಹುಟ್ಟಿದ ಇಮೇಜ್‌ಗೆ ಯಾವುದೋ ಒಂದು ಮಾದರಿಯ ಡ್ರೈವರ್‌ಗಳು ಅಂಟಿಕೊಂಡಿರುವುದಿಲ್ಲ ಎಂಬ ಲಾಭವೂ ಇದೆ.

ವಿಂಡೋಸ್ ಹೈಬರ್ನೇಟ್ ಆಗಿದೆ ಎಂದು ಕ್ಲೋನಿಂಗ್ ಉಪಕರಣ ನಿರಾಕರಿಸಿದರೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಇಮೇಜ್ ತೆಗೆಯಬೇಕು, ಬಲವಂತದಿಂದ ಮುಂದುವರಿಯಬಾರದು. ಪೆನ್‌ಡ್ರೈವ್‌ಗೆ ಇಮೇಜ್ ಫೈಲ್ ಪ್ರತಿ ಆಗುತ್ತಿಲ್ಲವೆಂದರೆ ಫ್ಯಾಟ್32ರಲ್ಲಿ ಒಂದು ಫೈಲ್‌ಗೆ 4 ಜಿಬಿಯ ಮಿತಿ ಇದೆ ಎಂಬುದು ಕಾರಣ. ವಿಮ್ (ವಿಂಡೋಸ್ ಇಮೇಜ್) ಫೈಲನ್ನು ವಿಂಡೋಸ್‌ನ ಡಿಸ್ಮ್ ಆದೇಶ ಬಳಸಿ ತುಂಡು ಮಾಡಿದರೆ ಕೆಲಸವಾಗುತ್ತದೆ.

ಲಕ್ಷಣ: ತೀರಾ ನಿಧಾನ, ಅಥವಾ ಅರ್ಧದಲ್ಲೇ ನಿಲ್ಲುತ್ತದೆ

ಒಂದೇ ಯಂತ್ರ ನಿಧಾನವಾಗಿದ್ದರೆ ಅದರ ನೆಟ್‌ವರ್ಕ್ ವೇಗವನ್ನು ನೋಡಬೇಕು. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿಗಳು ಬೇಕು, 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು. ಒಂದು ತಂತಿ ತುಂಡಾದ ಕೇಬಲ್ ಸತ್ತಂತೆ ಕಾಣದೆ ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ. ಆಗ ಸೆಕೆಂಡಿಗೆ ಗರಿಷ್ಠ 12.5 ಎಂಬಿ. 20 ಜಿಬಿ ಮಾಹಿತಿ ಗಿಗಾಬಿಟ್‌ನಲ್ಲಿ ಮೂರು ನಿಮಿಷದ ಆಸುಪಾಸಿನಲ್ಲಿ ಹೋಗುವುದಾದರೆ ಇಲ್ಲಿ ಅರ್ಧ ಗಂಟೆ ಹಿಡಿಯುತ್ತದೆ. ಎಲ್ಲ ಯಂತ್ರಗಳಿಗೂ ಒಟ್ಟಿಗೆ ಮಲ್ಟಿಕಾಸ್ಟ್‌ನಲ್ಲಿ ಕಳಿಸುತ್ತಿದ್ದು ಎಲ್ಲವೂ ನಿಧಾನವಾದರೆ ಅಂಥ ಒಂದು ಕೇಬಲ್ ಅಥವಾ ಸಾಯುತ್ತಿರುವ ಒಂದು ಡಿಸ್ಕ್ ಇಡೀ ಗುಂಪನ್ನು ತನ್ನ ವೇಗಕ್ಕೆ ಎಳೆದಿರಬಹುದು. ಗುಂಪನ್ನು ಎರಡಾಗಿ ಒಡೆದು ಕಳಿಸಿ, ನಿಧಾನವಾದ ಅರ್ಧವನ್ನು ಮತ್ತೆ ಒಡೆಯುತ್ತಾ ಹೋದರೆ ಆ ಯಂತ್ರ ಬೇಗ ಕೈಗೆ ಸಿಗುತ್ತದೆ.

ಅರ್ಧದಲ್ಲಿ ನಿಲ್ಲುವುದಕ್ಕೆ ಡಿಸ್ಕ್, ರ‍್ಯಾಮ್, ಬಿಸಿ ಮೂರೂ ಕಾರಣವಾಗಬಹುದು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 5, 197 ಮತ್ತು 198ನೇ ಸಾಲುಗಳು ಸೊನ್ನೆಯಲ್ಲದಿದ್ದರೆ ಡಿಸ್ಕ್‌ನ ಮೇಲ್ಮೈ ಕೆಡುತ್ತಿದೆ. ನವೀಕರಿಸಿ ಇನ್ನೊಬ್ಬರಿಗೆ ಕೊಡುವ ಯಂತ್ರದಲ್ಲಿ ಅಂಥ ಡಿಸ್ಕ್ ಇರಬಾರದು, ಇಮೇಜ್ ಎರಡನೆಯ ಸಲ ಸರಿಯಾಗಿ ಕೂತರೂ. 199ನೇ ಸಾಲು ಮಾತ್ರ ಏರುತ್ತಿದ್ದರೆ ಡಿಸ್ಕನ್ನು ಎಸೆಯುವ ಅಗತ್ಯವಿಲ್ಲ, ಸಾಟಾ ಕೇಬಲ್ ಬದಲಿಸಿ ನೋಡಬೇಕು. ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ನಿಂತು, ಇಮೇಜ್‌ನ ಚೆಕ್‌ಸಮ್ (ಫೈಲ್ ಕೆಟ್ಟಿಲ್ಲವೆಂದು ಖಚಿತಪಡಿಸುವ ಸಂಖ್ಯೆ) ಹೊಂದುತ್ತಿಲ್ಲ ಎಂದು ಒಂದೇ ಯಂತ್ರ ದೂರಿದರೆ ರ‍್ಯಾಮ್ ಪರೀಕ್ಷೆ ಮಾಡಬೇಕು. ಮೆಮ್‌ಟೆಸ್ಟ್86+ ಕನಿಷ್ಠ ಒಂದು ಪೂರ್ತಿ ಸುತ್ತು ಓಡಲಿ. ಯಂತ್ರ ತಟ್ಟನೆ ಆಫ್ ಆದರೆ ಫ್ಯಾನ್ ತಿರುಗುತ್ತಿದೆಯೇ, ಹೀಟ್‌ಸಿಂಕ್‌ನಲ್ಲಿ ಧೂಳು ಕಟ್ಟಿದೆಯೇ ನೋಡಿ, ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಿಸಬೇಕು.

ಲಕ್ಷಣ: ಇಮೇಜ್ ಪೂರ್ತಿ ಹೋಯಿತು, ಆದರೆ ಯಂತ್ರ ಎದ್ದೇಳುವುದಿಲ್ಲ

ಬೂಟ್ ಆಗುವ ಸಾಧನವೇ ಇಲ್ಲ ಎಂದು ಫರ್ಮ್‌ವೇರ್ ಹೇಳಿದರೆ ಇಮೇಜ್ ಮತ್ತು ಯಂತ್ರದ ಬೂಟ್ ವಿಧಾನ ಹೊಂದುತ್ತಿಲ್ಲ. ಎಂಬಿಆರ್ (ಹಳೆಯ ಬಗೆಯ ಪಾರ್ಟಿಷನ್ ಪಟ್ಟಿ) ಇರುವ ಲೆಗಸಿ ಇಮೇಜನ್ನು ಯುಇಎಫ್‌ಐ ಮಾತ್ರ ಒಪ್ಪುವ ಯಂತ್ರಕ್ಕೆ ಹಾಕಿದರೆ ಹೀಗಾಗುತ್ತದೆ. ಜಿಪಿಟಿ (ಹೊಸ ಬಗೆಯ ಪಾರ್ಟಿಷನ್ ಪಟ್ಟಿ) ಇರುವ ಯುಇಎಫ್‌ಐ ಇಮೇಜನ್ನು ಲೆಗಸಿಗೆ ಇಟ್ಟ ಯಂತ್ರಕ್ಕೆ ಹಾಕಿದರೂ ಅಷ್ಟೇ. ಬಯಾಸ್‌ನಲ್ಲಿ ಬೂಟ್ ಮೋಡ್ ನೋಡುವುದು ಮೊದಲ ಹೆಜ್ಜೆ. ಒಂದೇ ಇಮೇಜ್ ಎರಡೂ ಕಡೆ ಓಡುವಂತೆ ಮಾಡುವ ಉಪಾಯಗಳಿವೆ, ಆದರೆ ಎರಡು ಇಮೇಜ್ ಇಟ್ಟುಕೊಂಡು ಯಂತ್ರಗಳನ್ನು ಮೊದಲೇ ಎರಡು ಸಾಲು ಮಾಡುವುದೇ ದೀರ್ಘಕಾಲದಲ್ಲಿ ಕಡಿಮೆ ತಲೆನೋವಿನ ದಾರಿ ಎಂಬುದು ನನ್ನ ಅಭಿಪ್ರಾಯ.

ಮೋಡ್ ಸರಿಯಿದ್ದೂ ಸಾಧನ ಕಾಣದಿದ್ದರೆ ಯುಇಎಫ್‌ಐನ ಒಂದು ಗುಣವನ್ನು ಗಮನಿಸಬೇಕು. ಬೂಟ್‌ಲೋಡರ್ ಎಲ್ಲಿದೆ ಎಂಬ ನಮೂದು ಡಿಸ್ಕ್‌ನಲ್ಲಿ ಇರುವುದಿಲ್ಲ, ಮದರ್‌ಬೋರ್ಡ್‌ನ ಸ್ಥಿರ ನೆನಪಾದ ಎನ್‌ವಿರ‍್ಯಾಮ್‌ನಲ್ಲಿ ಇರುತ್ತದೆ. ಇಮೇಜ್ ಹೊಸ ಯಂತ್ರಕ್ಕೆ ಹೋದಾಗ ಆ ನಮೂದು ಜೊತೆಗೆ ಹೋಗುವುದಿಲ್ಲ. ನಮೂದು ಇಲ್ಲದಾಗ ಫರ್ಮ್‌ವೇರ್ ಇಎಫ್‌ಐ ಪಾರ್ಟಿಷನ್‌ನಲ್ಲಿ ಇಎಫ್‌ಐ, ಅದರೊಳಗೆ ಬೂಟ್ ಎಂಬ ಫೋಲ್ಡರ್‌ನ ಬೂಟ್‌ಎಕ್ಸ್64 ಎಂಬ ಫೈಲನ್ನು ಹುಡುಕುತ್ತದೆ. ವಿಂಡೋಸ್ ಆ ಫೈಲನ್ನು ತಾನೇ ಇಟ್ಟಿರುತ್ತದೆ. ಕೆಲವು ಲಿನಕ್ಸ್ ವಿತರಣೆಗಳು ತಮ್ಮ ಹೆಸರಿನ ಫೋಲ್ಡರ್‌ನಲ್ಲಿ ಮಾತ್ರ ಬೂಟ್‌ಲೋಡರ್ ಇಡುತ್ತವೆ. ಮಾಸ್ಟರ್ ತಯಾರಿಸುವಾಗಲೇ ಲಿನಕ್ಸ್‌ನ ಬೂಟ್‌ಲೋಡರ್ ಹಾಕುವ ಗ್ರಬ್ ಇನ್‌ಸ್ಟಾಲ್‌ ಆದೇಶಕ್ಕೆ ರಿಮೂವಬಲ್ ಆಯ್ಕೆ ಕೊಟ್ಟರೆ ಆ ಫೈಲೂ ತಯಾರಾಗುತ್ತದೆ.

ವಿಂಡೋಸ್ ಲೋಗೋ ಬಂದು ನೀಲಿ ಪರದೆಯಲ್ಲಿ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂದು ಕಂಡರೆ ಬೂಟ್‌ಲೋಡರ್ ತನ್ನ ಕೆಲಸ ಮುಗಿಸಿದೆ, ವಿಂಡೋಸ್‌ಗೆ ಡಿಸ್ಕ್ ಮುಟ್ಟಲು ಡ್ರೈವರ್ ಸಿಕ್ಕಿಲ್ಲ. ಮತ್ತೆ ಎಎಚ್‌ಸಿಐ, ರೇಡ್, ವಿಎಂಡಿ ಪ್ರಶ್ನೆಯೇ. ಇಮೇಜ್ ಯಾವ ಮೋಡ್‌ನಲ್ಲಿ ತಯಾರಾಗಿತ್ತೋ ಬಯಾಸನ್ನು ಅದಕ್ಕೆ ಬದಲಿಸುವುದು ಮೊದಲ ಪ್ರಯತ್ನ. ಒಮ್ಮೆ ಸೇಫ್ ಮೋಡ್‌ನಲ್ಲಿ ಬೂಟ್ ಆಗಿಸಿದರೆ ವಿಂಡೋಸ್‌ನೊಳಗೇ ಇರುವ ಸ್ಟೋರೇಜ್ ಡ್ರೈವರ್‌ಗಳು ಮತ್ತೆ ಚಾಲೂ ಆಗಿ, ಮುಂದಿನ ಸಲ ಸಾಮಾನ್ಯವಾಗಿ ಎದ್ದೇಳುವುದುಂಟು. ಇವೆರಡೂ ಆಗದಿದ್ದರೆ ಪಿಇಯಿಂದ ಡಿಸ್ಮ್ ಮೂಲಕ ಡಿಸ್ಕ್‌ನಲ್ಲಿರುವ ವಿಂಡೋಸ್‌ಗೆ ಡ್ರೈವರ್ ಸೇರಿಸಬೇಕು.

ಲಿನಕ್ಸ್‌ನಲ್ಲಿ ಇದೇ ದೋಷ ಬೇರೆ ವೇಷದಲ್ಲಿ ಬರುತ್ತದೆ: ರೂಟ್ ಡಿಸ್ಕ್ (ಸಿಸ್ಟಮ್ ಇರುವ ಡಿಸ್ಕ್) ಸಿಗುತ್ತಿಲ್ಲ ಎಂದು ಕಾದು, ಬೂಟ್‌ನ ಮೊದಲ ಹಂತದ ತಾತ್ಕಾಲಿಕ ಕಡತವ್ಯವಸ್ಥೆಯಾದ ಇನಿಟ್‌ರ‍್ಯಾಮ್‌ಎಫ್‌ಎಸ್‌ನ ಸಣ್ಣ ಕಮಾಂಡ್ ಸಾಲಿಗೆ ಬಿಟ್ಟುಬಿಡುತ್ತದೆ. ಮಾಸ್ಟರ್ ತಯಾರಾದ ಯಂತ್ರಕ್ಕೆ ಬೇಕಾದ ಮಾಡ್ಯೂಲ್‌ಗಳನ್ನು ಮಾತ್ರ ತುಂಬಿಕೊಂಡ ಇನಿಟ್‌ರ‍್ಯಾಮ್‌ಎಫ್‌ಎಸ್ ಇದಕ್ಕೆ ಕಾರಣ. ಡೆಬಿಯನ್ ಬಗೆಯವುಗಳಲ್ಲಿ ಮಾಡ್ಯೂಲ್ಸ್ ಎಂಬ ಸೆಟ್ಟಿಂಗ್ ಮೋಸ್ಟ್ ಎಂದಿರಬೇಕು, ಅದನ್ನು ಕಟ್ಟಲು ಡ್ರಾಕಟ್ ಬಳಸುವ ಫೆಡೋರಾ ಬಗೆಯವುಗಳಲ್ಲಿ ಹೋಸ್ಟ್ಓನ್ಲಿಯನ್ನು ಆಫ್ ಮಾಡಿ ಮತ್ತೆ ಕಟ್ಟಬೇಕು. ಯಾವ ಡಿಸ್ಕ್ ಎಲ್ಲಿ ಸೇರಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಡಿಸ್ಕ್‌ನ ಹೆಸರಿನ ಬದಲು ಯುಯುಐಡಿ (ವಿಶಿಷ್ಟ ಗುರುತು ಸಂಖ್ಯೆ) ಇರುವುದನ್ನೂ ಖಚಿತಪಡಿಸಿಕೊಳ್ಳಬೇಕು. ಸಾಟಾ ಡಿಸ್ಕ್‌ನಿಂದ ಎನ್‌ವಿಎಂಇ ಎಸ್‌ಎಸ್‌ಡಿಗೆ ಹೋದಾಗ ಹೆಸರು ಬದಲಾಗುತ್ತದೆ.

ನಂಬಿದ ಸಹಿ ಇರುವ ಬೂಟ್‌ಲೋಡರ್‌ಗಳನ್ನು ಮಾತ್ರ ಬಿಡುವ ಸೆಕ್ಯೂರ್ ಬೂಟ್ ತಡೆದಾಗ ಸಂದೇಶ ಸಾಮಾನ್ಯವಾಗಿ ಸ್ಪಷ್ಟವಾಗಿಯೇ ಇರುತ್ತದೆ. ಲಿನಕ್ಸ್ ಇಮೇಜ್‌ಗಳಲ್ಲಿ ಶಿಮ್ ಎಂಬ ಮೊದಲ ಬೂಟ್‌ಲೋಡರ್‌ನ ಎಸ್‌ಬ್ಯಾಟ್ (ಆವೃತ್ತಿ) ಪರಿಶೀಲನೆ ವಿಫಲ, ಸೆಕ್ಯುರಿಟಿ ಪಾಲಿಸಿ ವಯೊಲೇಷನ್ ಎಂದು ಬಂದರೆ, ಡಿಸ್ಕ್ ಖಾಲಿ ಮಾಡಿದ್ದರೂ ಹೀಗೇಕೆ ಎಂದು ಅಚ್ಚರಿಯಾಗಬಹುದು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಹಳೆಯ ಬೂಟ್‌ಲೋಡರ್‌ಗಳನ್ನು ತಡೆಯುವ ಪಟ್ಟಿಯನ್ನು ಫರ್ಮ್‌ವೇರ್‌ನ ನೆನಪಿನಲ್ಲೇ ಬರೆದಿದೆ; ಹಿಂದೆ ವಿಂಡೋಸ್ ಓಡಿಸಿದ ಯಂತ್ರ ಡಿಸ್ಕ್ ಬದಲಾದರೂ ಅದನ್ನು ಮರೆಯುವುದಿಲ್ಲ. ಶಿಮ್ ಹೊಸದಾಗಿರುವ ಇಮೇಜ್ ಬಳಸುವುದು ಸರಿಯಾದ ಪರಿಹಾರ. ಇದರ ಹಿಂದೆಯೇ ಇನ್ನೊಂದು ಸಂಗತಿ ಇದೆ: ಮೈಕ್ರೋಸಾಫ್ಟ್‌ನ 2011ರ ಸೆಕ್ಯೂರ್ ಬೂಟ್ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತಾ ಬರುತ್ತದೆ. ಆಗಲೇ ಓಡುತ್ತಿರುವ ಯಂತ್ರ ಅದರಿಂದ ನಿಲ್ಲುವುದಿಲ್ಲ, ಆದರೆ 2023ರ ಹೊಸ ಪ್ರಮಾಣಪತ್ರದಿಂದ ಮಾತ್ರ ಸಹಿಯಾದ ಬೂಟ್‌ಲೋಡರನ್ನು, ಆ ಪ್ರಮಾಣಪತ್ರ ಸೇರಿಸದ ಹಳೆಯ ಫರ್ಮ್‌ವೇರ್ ಒಪ್ಪುವುದಿಲ್ಲ. ಫ್ಯಾಕ್ಟರಿ ಕೀಗಳಿಗೆ ಮರಳಿಸುವ ಆಯ್ಕೆಯನ್ನು ಸುಮ್ಮನೆ ಒತ್ತುವ ಅಭ್ಯಾಸ ಇಂಥಲ್ಲಿ ತೊಂದರೆ ತರುತ್ತದೆ, ಏಕೆಂದರೆ ಅಪ್‌ಡೇಟ್ ಸೇರಿಸಿದ ಹೊಸ ಕೀ ಅಳಿಸಿಹೋಗುತ್ತದೆ.

ಪ್ರೊಸೆಸರ್ ತೀರಾ ಹಳೆಯದಾದರೆ ಯಾವ ಸೆಟ್ಟಿಂಗೂ ನೆರವಾಗುವುದಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಪಾಪ್‌ಕೌಂಟ್ ಮತ್ತು ಎಸ್‌ಎಸ್‌ಇ4.2 ಸೂಚನೆಗಳು ಬೇಕೇ ಬೇಕು. ಕೋರ್ 2 ಡ್ಯುಯೋದಂಥ ಚಿಪ್‌ಗಳಲ್ಲಿ ಅವಿಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಕೂಡ ಎಕ್ಸ್86-64-ವಿ2 ಮಟ್ಟದ ಪ್ರೊಸೆಸರ್ ಕೇಳುತ್ತದೆ. ಇಂಥ ಯಂತ್ರಗಳನ್ನು ಮೊದಲೇ ಬೇರೆ ಮಾಡಿ ಹಗುರವಾದ ಲಿನಕ್ಸ್ ವಿತರಣೆಯ ಸಾಲಿಗೆ ಸೇರಿಸಬೇಕು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿರುವುದರಿಂದ ಅದನ್ನು ಹಾಕಿ ಕೊಡುವುದು ಒಳ್ಳೆಯ ಪರ್ಯಾಯವಲ್ಲ.

ಲಕ್ಷಣ: ನಿನ್ನೆ ಸರಿಯಿತ್ತು, ಇಂದು ಅದೇ ಯಂತ್ರ ಬೂಟ್ ಆಗುತ್ತಿಲ್ಲ

ಇಮೇಜ್ ಹಾಕಿ, ಪರೀಕ್ಷಿಸಿ, ಪ್ಲಗ್ ತೆಗೆದು ಕಪಾಟಿನಲ್ಲಿಟ್ಟ ಡೆಸ್ಕ್‌ಟಾಪ್ ಮರುದಿನ ನೀಲಿ ಪರದೆ ತೋರಿಸಿದರೆ ಇಮೇಜನ್ನು ಮತ್ತೆ ಹಾಕುವ ಮೊದಲು ಬಯಾಸ್‌ನ ಗಡಿಯಾರ ನೋಡಬೇಕು. ವರ್ಷ ಹತ್ತು ಹದಿನೈದು ವರ್ಷ ಹಿಂದಿನದಾಗಿ, ತಾರೀಕು ಜನವರಿ 1 ಎಂದಿದ್ದರೆ ಉತ್ತರ ಸಿಕ್ಕಿತು. ಮದರ್‌ಬೋರ್ಡ್‌ನ ಸಿಆರ್2032 ಬಿಲ್ಲೆ ಬ್ಯಾಟರಿ ಖಾಲಿಯಾಗಿದೆ. ವಿದ್ಯುತ್ ಇರುವವರೆಗೆ ನಿಂತಿದ್ದ ಸೆಟ್ಟಿಂಗ್‌ಗಳು ಪ್ಲಗ್ ತೆಗೆದೊಡನೆ ಕಾರ್ಖಾನೆಯ ಸ್ಥಿತಿಗೆ ಮರಳಿ, ಎಎಚ್‌ಸಿಐ ಇದ್ದದ್ದು ರೇಡ್‌ಗೋ, ಯುಇಎಫ್‌ಐ ಇದ್ದದ್ದು ಲೆಗಸಿಗೋ ಹೋಗಿರುತ್ತದೆ. ಮಲ್ಟಿಮೀಟರ್‌ನಲ್ಲಿ 3 ವೋಲ್ಟ್‌ನ ಬದಲು 2.7ಕ್ಕಿಂತ ಕೆಳಗೆ ತೋರಿದರೆ ಬದಲಿಸಿಬಿಡಬೇಕು. ಇದೇ ಬ್ಯಾಟರಿಯಿಂದ ಇನ್ನೊಂದು ದಾರಿತಪ್ಪಿಸುವ ಲಕ್ಷಣವೂ ಹುಟ್ಟುತ್ತದೆ: ಗಡಿಯಾರ ತಪ್ಪಿರುವುದರಿಂದ ಯಾವ ವೆಬ್‌ಸೈಟ್‌ನ ಪ್ರಮಾಣಪತ್ರವನ್ನೂ ಬ್ರೌಸರ್ ನಂಬುವುದಿಲ್ಲ, ಅಪ್‌ಡೇಟ್‌ಗಳು ಇಳಿಯುವುದಿಲ್ಲ, ನೋಡಿದವರು ನೆಟ್‌ವರ್ಕ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಹಳೆಯ ಯಂತ್ರಗಳ ಸಾಲಿನಲ್ಲಿ ಈ ಬ್ಯಾಟರಿಯನ್ನು ಇಮೇಜ್ ಹಾಕುವ ಮೊದಲೇ ಬದಲಿಸುವುದು ಉಳಿದೆಲ್ಲ ಉಪಾಯಗಳಿಗಿಂತ ಹೆಚ್ಚು ಸಮಯ ಉಳಿಸುತ್ತದೆ.

ತೆಗೆದ ಬಿಲ್ಲೆಗಳನ್ನು ಮೇಜಿನ ಮೇಲೆ ಬಿಡಬಾರದು. ಮಗು ನುಂಗಿದರೆ ಅನ್ನನಾಳ ಸುಟ್ಟು ಪ್ರಾಣಾಪಾಯವಾಗಬಹುದು. ನುಂಗಿದ ಅನುಮಾನ ಬಂದರೂ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಲಕ್ಷಣ: ಒಂಟಿಯಾಗಿ ಸರಿ, ಒಂದೇ ನೆಟ್‌ವರ್ಕ್‌ಗೆ ಸೇರಿಸಿದರೆ ತೊಂದರೆ

ಎರಡು ಯಂತ್ರಗಳಿಗೆ ಒಂದೇ ಐಪಿ ಹೋಗುವುದು, ಹಂಚಿದ ಫೋಲ್ಡರ್‌ಗೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಪ್ರವೇಶ ಸಿಗದಿರುವುದು, ಇವೆಲ್ಲ ಗುರುತುಗಳೂ ಇಮೇಜ್ ಜೊತೆ ನಕಲಾಗಿವೆ ಎಂಬುದರ ಸೂಚನೆ. ವಿಂಡೋಸ್‌ನಲ್ಲಿ ಯಂತ್ರದ ಗುರುತುಗಳನ್ನು ತೆಗೆಯುವ ಸಿಸ್‌ಪ್ರೆಪ್‌ನ ಜನರಲೈಸ್ ಮಾಡದೆ ಇಮೇಜ್ ತೆಗೆದರೆ ಎಲ್ಲ ಯಂತ್ರಗಳಿಗೂ ಒಂದೇ ಎಸ್‌ಐಡಿ (ವಿಂಡೋಸ್‌ನ ಭದ್ರತಾ ಗುರುತು) ಬರುತ್ತದೆ. ಬಹುಕಾಲ ಇದರಿಂದ ದೊಡ್ಡ ತೊಂದರೆ ಕಾಣುತ್ತಿರಲಿಲ್ಲ. 2025ರ ಆಗಸ್ಟ್ ಕೊನೆಯಿಂದ ಬಂದ ಅಪ್‌ಡೇಟ್‌ಗಳ ನಂತರ ವಿಂಡೋಸ್ 11ರ 24ಎಚ್2 ಮತ್ತು 25ಎಚ್2 ಆವೃತ್ತಿಗಳು ಎಸ್‌ಐಡಿ ಒಂದೇ ಆಗಿರುವ ಯಂತ್ರಗಳ ನಡುವಿನ ಲಾಗಿನ್ ಅನ್ನು ನಿರಾಕರಿಸುತ್ತಿವೆ. ಹೊರಗೆ ಹೋದ ಯಂತ್ರಗಳಿಗೆ ಸುಲಭ ಪರಿಹಾರವಿಲ್ಲ, ಸರಿಯಾಗಿ ಜನರಲೈಸ್ ಮಾಡಿದ ಇಮೇಜನ್ನು ಮತ್ತೆ ಹಾಕಬೇಕು. ಸಿಸ್‌ಪ್ರೆಪ್ ತಾನೇ ವಿಫಲವಾದರೆ ಅದರ ಪ್ಯಾಂಥರ್ ಫೋಲ್ಡರ್‌ನ ಲಾಗ್ ಓದಬೇಕು. ಬಹಳ ಸಲ ಒಬ್ಬ ಬಳಕೆದಾರನಿಗಷ್ಟೇ ಸ್ಥಾಪನೆಯಾದ ಸ್ಟೋರ್ ಆ್ಯಪ್‌ನ ಹೆಸರು ಅಥವಾ ಬಿಟ್‌ಲಾಕರ್ (ಡಿಸ್ಕ್ ಎನ್‌ಕ್ರಿಪ್ಷನ್) ಆನ್ ಇದೆ ಎಂಬ ಸಾಲು ಅಲ್ಲಿರುತ್ತದೆ.

ಲಿನಕ್ಸ್‌ನಲ್ಲಿ ಇಮೇಜ್ ತೆಗೆಯುವ ಮೊದಲು ಮೆಷಿನ್ ಐಡಿ ಫೈಲನ್ನು ಅಳಿಸದೆ ಖಾಲಿ ಮಾಡಬೇಕು, ದೂರದಿಂದ ಲಾಗಿನ್ ಆಗುವವರಿಗೆ ಯಂತ್ರವನ್ನು ಗುರುತಿಸುವ ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನು ತೆಗೆಯಬೇಕು. ಮೆಷಿನ್ ಐಡಿ ತಾನಾಗಿ ಹುಟ್ಟುತ್ತದೆ, ಆದರೆ ಡೆಬಿಯನ್‌ನಲ್ಲಿ ಹೋಸ್ಟ್ ಕೀಗಳು ತಾವಾಗಿ ಹುಟ್ಟುವುದಿಲ್ಲ. ಮೊದಲ ಬೂಟ್‌ನಲ್ಲಿ ಅವನ್ನು ತಯಾರಿಸುವ ಸಣ್ಣ ಸ್ಕ್ರಿಪ್ಟ್ ಇಟ್ಟಿರಬೇಕು.

ಇಮೇಜಿಂಗ್ ಸರ್ವರ್ ಒಂದು ಯಂತ್ರವನ್ನು ಇನ್ನೊಂದೆಂದು ತಪ್ಪಾಗಿ ಗುರುತಿಸಿದರೆ ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್ ಕಾರಣವಿರಬಹುದು. ಒಂದೇ ಅಡಾಪ್ಟರನ್ನು ಹಲವು ಲ್ಯಾಪ್‌ಟಾಪ್‌ಗಳಿಗೆ ಸಿಕ್ಕಿಸಿದಾಗ ಎಲ್ಲವೂ ಒಂದೇ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತು) ಹೇಳುತ್ತವೆ. ಬೋರ್ಡ್‌ನ ಯುಯುಐಡಿ ನೋಡಿ ಗುರುತಿಸೋಣವೆಂದರೆ ಕೆಲವು ಅಗ್ಗದ ಬೋರ್ಡ್‌ಗಳಲ್ಲಿ ತಯಾರಕರು ಅದನ್ನು ತುಂಬಿರುವುದೇ ಇಲ್ಲ. 03000200-0400 ಎಂದು ಶುರುವಾಗುವ ನಮೂನೆಗಾಗಿ ಇಟ್ಟ ಸಂಖ್ಯೆಯೇ ಎಲ್ಲದರಲ್ಲೂ ಉಳಿದಿರುತ್ತದೆ.

ಲಕ್ಷಣ: ಪರದೆ ಕಪ್ಪು, ವೈಫೈ ಇಲ್ಲ

ಕಪ್ಪು ಪರದೆಯಲ್ಲೂ ಡಿಸ್ಕ್‌ನ ದೀಪ ಮಿನುಗುತ್ತಿದ್ದರೆ ಸಿಸ್ಟಮ್ ಎದ್ದಿದೆ, ಗ್ರಾಫಿಕ್ಸ್ ಡ್ರೈವರ್ ಎಡವಿದೆ. ಲಿನಕ್ಸ್‌ನಲ್ಲಿ ನೋಮೋಡ್‌ಸೆಟ್ ಎಂಬ ಬೂಟ್ ಆಯ್ಕೆ ಕೊಟ್ಟು, ವಿಂಡೋಸ್‌ನಲ್ಲಿ ಸೇಫ್ ಮೋಡ್‌ಗೆ ಹೋಗಿ ನೋಡಿದರೆ ಖಚಿತವಾಗುತ್ತದೆ. ವೈಫೈ ಇಲ್ಲದಿದ್ದರೆ ಕೇಬಲ್ ಹಾಕಿ ಅಪ್‌ಡೇಟ್ ಮಾಡಬೇಕು. ಲಿನಕ್ಸ್‌ನಲ್ಲಿ ಬಹುತೇಕ ಫರ್ಮ್‌ವೇರ್ ಪ್ಯಾಕೇಜ್ ಕೊರತೆಯೇ ಕಾರಣ.

ಲಕ್ಷಣ: ಆಕ್ಟಿವೇಷನ್ ಆಗುವುದಿಲ್ಲ, ಅಥವಾ ಯಾವುದೋ ಸಂಸ್ಥೆಯ ಲಾಗಿನ್ ಪರದೆ ಬರುತ್ತದೆ

ಹಲವು ಬ್ರ್ಯಾಂಡೆಡ್ ಯಂತ್ರಗಳ ವಿಂಡೋಸ್ ಕೀ ಫರ್ಮ್‌ವೇರ್‌ನಲ್ಲೇ ಇರುತ್ತದೆ. ಕೀ ಹೋಮ್ ಆವೃತ್ತಿಯದಾಗಿ ಹಾಕಿದ ಇಮೇಜ್ ಪ್ರೊ ಆಗಿದ್ದರೆ ಆಕ್ಟಿವೇಷನ್ ಆಗುವುದಿಲ್ಲ. ಆ ಕೀಗೆ ಹೊಂದುವ ಆವೃತ್ತಿ ಹಾಕಬೇಕು, ಅಥವಾ ನ್ಯಾಯಯುತವಾದ ಬೇರೆ ಲೈಸೆನ್ಸ್ ಪಡೆಯಬೇಕು.

ಹೊಚ್ಚಹೊಸ ಇಮೇಜ್ ಹಾಕಿದ ಮೇಲೂ ಇಂಟರ್ನೆಟ್ ಸಿಕ್ಕೊಡನೆ ಒಂದು ಸಂಸ್ಥೆಯ ಹೆಸರು ಹೊತ್ತ ಲಾಗಿನ್ ಪರದೆ ಬಂದರೆ ಆ ಯಂತ್ರ ಇನ್ನೂ ಹಿಂದಿನ ಮಾಲೀಕರ ಆಟೋಪೈಲಟ್‌ನಲ್ಲಿ (ಸಂಸ್ಥೆಯ ಯಂತ್ರಗಳನ್ನು ದೂರದಿಂದ ಹೊಂದಿಸುವ ಮೈಕ್ರೋಸಾಫ್ಟ್ ವ್ಯವಸ್ಥೆಯಲ್ಲಿ) ನೋಂದಣಿಯಾಗಿಯೇ ಇದೆ. ಕ್ರೋಮ್‌ಬುಕ್‌ನ ಎಂಟರ್‌ಪ್ರೈಸ್ ನೋಂದಣಿ, ಮ್ಯಾಕ್‌ನ ಆಕ್ಟಿವೇಷನ್ ಲಾಕ್, ಬಯಾಸ್‌ನ ಸೂಪರ್‌ವೈಸರ್ ಪಾಸ್‌ವರ್ಡ್ ಇವೂ ಇದೇ ಬಗೆಯವು. ಇಲ್ಲಿ ತಾಂತ್ರಿಕ ಹುಡುಕಾಟ ನಿಲ್ಲಿಸಬೇಕು. ನೋಂದಣಿಯನ್ನು ತೆಗೆಯಬಲ್ಲವರು ಹಿಂದಿನ ಸಂಸ್ಥೆಯವರು ಅಥವಾ ಖರೀದಿಯ ದಾಖಲೆ ನೋಡಿ ಒಪ್ಪುವ ತಯಾರಕರು ಮಾತ್ರ. ಬೀಗ ಮುರಿಯುವ ಉಪಕರಣಗಳ ಮೊರೆಹೋದರೆ ಕಾನೂನಿನ ತೊಡಕೂ ಬರಬಹುದು, ಬೋರ್ಡೂ ಹಾಳಾಗಬಹುದು. ಯಂತ್ರ ಒಳಬರುವ ದಿನವೇ, ಅಳಿಸುವ ಮತ್ತು ಇಮೇಜ್ ಹಾಕುವ ಕೆಲಸಕ್ಕೆ ಮೊದಲು, ಸೀರಿಯಲ್ ಸಂಖ್ಯೆಗಳ ಪಟ್ಟಿಯನ್ನು ಕೊಟ್ಟವರಿಗೆ ಕಳಿಸಿ ಎಲ್ಲವನ್ನೂ ನೋಂದಣಿಯಿಂದ ಬಿಡುಗಡೆ ಮಾಡಿದ ಲಿಖಿತ ಉತ್ತರ ಪಡೆದಿಟ್ಟುಕೊಳ್ಳಬೇಕು. ಉತ್ತರ ಬರುವವರೆಗೆ ಆ ಯಂತ್ರಗಳು ಬೇರೆ ಸಾಲಿನಲ್ಲೇ ಇರಲಿ.